ದೂರವೆಂಬ ನೆಪ

ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ ಚೆನ್ನೈ ನಿಲ್ದಾಣಕ್ಕೂ ಆಕಾಶಮಾರ್ಗದಲ್ಲಿ ಸುಮಾರು 270 ಕಿಲೋಮೀಟರು. ವೇಳಾಪಟ್ಟಿಯ ಪ್ರಕಾರ ಒಂದು ಗಂಟೆಯ ಪ್ರಯಾಣ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಮನುಷ್ಯರು ಯಾರೂ ನಿಲ್ದಾಣದಲ್ಲಿ ವಾಸಮಾಡುವುದಿಲ್ಲವಷ್ಟೆ! ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನವನೊಬ್ಬ ಚೆನ್ನೈಗೆ ಹಾರಬೇಕೆಂದರೆ ಮೊದಲು ಚೆನ್ನೈಗೆ ಬೆನ್ನು ತಿರುಗಿಸಿ ಪಶ್ಚಿಮಕ್ಕೆ, ದೇವನಹಳ್ಳಿಯ ಕಡೆಗೆ ಹೊರಡಬೇಕು. ಎರಡು ಗಂಟೆ ಮುಂಚಿತವಾಗಿ ಅಲ್ಲಿ ಹಾಜರಾಗಿ, ಚೀಲ ತೋರಿಸಿ, ಬೆಲ್ಟು ಬಿಚ್ಚಿ, ಸಾಲಿನಲ್ಲಿ ನಿಲ್ಲಬೇಕು. ಆಮೇಲೆ ವಿಮಾನ ಪೂರ್ವಕ್ಕೆ ತಿರುಗುತ್ತದೆ. ಭೂಪಟದಲ್ಲಿ ಎರಡು ನಿಲ್ದಾಣಗಳ ನಡುವೆ ಗೆರೆ ಎಳೆದು ನೋಡಿ: ಅದು ಕೋಲಾರದ ಸೀಮೆಯನ್ನೇ ಹಾದುಹೋಗುತ್ತದೆ. ಅರ್ಧ ದಿನ ಕಳೆದು ಆ ಪುಣ್ಯಾತ್ಮ ತನ್ನ ಸೀಮೆಯ ಮಾವಿನ ತೋಪುಗಳ ನೆತ್ತಿಯ ಮೇಲೆಯೇ ಇರುತ್ತಾನೆ.

ಇದು ನಗುವ ಮಾತು. ನನ್ನನ್ನು ಕಾಡುವ ಪ್ರಶ್ನೆ ಬೇರೆ: ದೂರ ಕಡಿಮೆಯಾದಂತೆ ಋಣ ಹೆಚ್ಚುತ್ತದೆಯೆ?

ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿಗಳ ಮೇಲೆ ಚಿಕ್ಕಬಳ್ಳಾಪುರಕ್ಕೆ ನ್ಯಾರೋಗೇಜ್ ರೈಲು ತೆವಳುತ್ತಿದ್ದ ಕಾಲದಲ್ಲಿ, ಮುಂಬಯಿಗೆ ನೌಕರಿಗೆ ಹೋದ ಮಗ ತಂದೆಯ ಸಾವಿಗೆ ಬಾರದಿದ್ದರೆ ಊರು ಅವನನ್ನು ದೂರುತ್ತಿರಲಿಲ್ಲ. ತಂತಿ ಮುಟ್ಟುವ ಹೊತ್ತಿಗೆ ಚಿತೆ ಆರಿರುತ್ತಿತ್ತು. ದಾಯಾದಿಯೊಬ್ಬ ಬೆಂಕಿ ಕೊಡುತ್ತಿದ್ದ. ಮಗ ಬಂದು ಉತ್ತರಕ್ರಿಯೆಗೆ ನಿಲ್ಲುತ್ತಿದ್ದ. ಆಗದ ಕೆಲಸ ಕರ್ತವ್ಯವಾಗದು ಎಂಬುದು ಧರ್ಮಶಾಸ್ತ್ರ ಓದದವರಿಗೂ ಗೊತ್ತಿತ್ತು.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರಧ್ರುವವನ್ನು ದಾಟಿ, ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳಲ್ಲಿ ಬೆಂಗಳೂರು ಮುಟ್ಟಿದರು. ನೇರ ಅಂತರವೇ ಸುಮಾರು 14,000 ಕಿಲೋಮೀಟರು. ಸಂತೋಷದ ಸಂಗತಿಯೇ. ಆದರೆ ‘ಆಗದು’ ಎಂಬ ಮಾತಿನ ಆಶ್ರಯವೂ ಇದರಿಂದ ತಪ್ಪಿಹೋಯಿತು. ಈಗ ಸಾವಿನ ಮನೆಯ ಜಗಲಿಯ ಮೇಲೆ ಕೂತವರು, “ಹದಿನೇಳು ಗಂಟೆಯಂತೆ, ನಾಳೆ ಬಂದುಬಿಡ್ತಾನೆ ಬಿಡಪ್ಪ” ಎನ್ನುತ್ತಾರೆ. ಅವರು ಎಣಿಸುವುದು ಗಾಳಿಯಲ್ಲಿರುವ ಗಂಟೆಗಳನ್ನು ಮಾತ್ರ. ರಜೆ, ಟಿಕೆಟ್ಟಿನ ಹಣ, ಬಂದರೆ ಮರಳಿ ಹೋಗಲು ಬಿಟ್ಟಾರೋ ಇಲ್ಲವೋ ಎಂಬ ವೀಸಾದ ಭಯ, ಇವಾವುವೂ ವೇಳಾಪಟ್ಟಿಯಲ್ಲಿ ಅಚ್ಚಾಗುವುದಿಲ್ಲ. ಇತ್ತ ಶವ ಫ್ರೀಜರ್ ಪೆಟ್ಟಿಗೆಯಲ್ಲಿ ಕಾಯುತ್ತದೆ. ಶವ ಏಳುವವರೆಗೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಎರಡು ರಾತ್ರಿ ಕೂರುವವಳು ಯಾರು? ಐವತ್ತು ವರ್ಷ ಸಂಸಾರ ಮಾಡಿದ ಮುದುಕಿ. ಹೀಗೆ ಕಾಯಿಸುವುದಕ್ಕಿಂತ, “ನನಗಾಗಿ ನಿಲ್ಲಿಸಬೇಡಿ” ಎಂದು ಫೋನಿನಲ್ಲಿ ಹೇಳುವ ಮಗನೇ ಮೇಲೆಂದು ನನ್ನ ಅಭಿಪ್ರಾಯ. ಹಾಗೆ ಹೇಳುವುದು ಸುಲಭವಲ್ಲ.

ಬೆಂಗಳೂರಿನಲ್ಲೇ ಇದ್ದು, ಕಾಯಿಲೆಯ ತಾಯಿಯನ್ನು ವರ್ಷಕ್ಕೊಮ್ಮೆ ನೋಡದವರೂ ಇದ್ದಾರೆ. ಅವರಿಗೆ ಯಾವ ವಿಮಾನವೂ ಬೇಕಿಲ್ಲ, ಬಸ್ಸು ಸಾಕು. ಕೊನೆಯ ದಿನ ಸಕಾಲಕ್ಕೆ ಬಂದು ನಿಂತರೆಂದು ಊರು ಅವರನ್ನು ಹೊಗಳಿದ್ದನ್ನು ನಾನೇ ಕೇಳಿದ್ದೇನೆ.

ನಮ್ಮ ಕಡೆಯ ಒಬ್ಬ ವೃದ್ಧೆ ಮೊದಲೇ ಹೇಳಿಬಿಟ್ಟಿದ್ದರು: “ನಾನು ಹೋದಮೇಲೆ ಯಾರನ್ನೂ ಕಾಯಬೇಡಿ. ಅವನು ಬರುವುದಾದರೆ ಈಗಲೇ ಬರಲಿ, ಹಣ್ಣಿನ ಕಾಲ.” ಅಮೆರಿಕದ ಮಗ ಬಂದ, ಹನ್ನೆರಡು ದಿನ ಇದ್ದು, ತಾಯಿಯ ಕೈಯ ಅಡುಗೆ ಉಂಡು, ಅವರ ಕಾಲಿಗೆ ಎಣ್ಣೆ ತಿಕ್ಕಿ ಹೋದ. ಮರುವರ್ಷ ಆಕೆ ತೀರಿಕೊಂಡಾಗ ಬರಲಿಲ್ಲ. ತಮ್ಮನ ಮಗ ಬೆಂಕಿ ಕೊಟ್ಟ. ಊರಿನವರು ಆ ಮಗನನ್ನು ಇಂದಿಗೂ ಬೈಯುತ್ತಾರೆ.