ಸಹೋದರನ ಲೆಕ್ಕ

ಒಬ್ಬನ ನಡತೆಯನ್ನು ಇನ್ನೊಬ್ಬನು ವಿಚಾರಿಸಬಹುದೇ? ವಿಚಾರಿಸಬಹುದಾದರೆ ಯಾವ ಅಧಿಕಾರದಿಂದ? ಅಧ್ಯಾಪಕರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ದಿನವೂ ಹಾಜರಿ ಪುಸ್ತಕವನ್ನು ತೆರೆಯುವ ನಾವು, ಬಾರದ ಹುಡುಗನ ಮನೆಗೆ ಹೋಗಿ ಕೇಳಬೇಕೋ ಸುಮ್ಮನಿರಬೇಕೋ ಎಂದು ಎಷ್ಟೋ ಸಾರಿ ತೂಗಿ ನೋಡಿದ್ದೇವೆ. ಹೋದರೆ ಅಧಿಕಪ್ರಸಂಗ, ಹೋಗದಿದ್ದರೆ ಔದಾಸೀನ್ಯ. ಧರ್ಮಸಮಾಜಗಳಲ್ಲಿ ಈ ತೊಡಕು ಇನ್ನೂ ಬಿಗಿಯಾದುದು. ಏಕೆಂದರೆ ಅಲ್ಲಿ ವಿಚಾರಿಸಬೇಕಾದುದು ಪಾಠದ ಸಂಗತಿಯಲ್ಲ, ಅಂತರಂಗದ ಸಂಗತಿ. ಕ್ರೈಸ್ತ ಸಭೆಗಳಂತೂ ಶಿಷ್ಯತ್ವವೆಂಬುದನ್ನೇ ತಮ್ಮ ತಳಹದಿಯಾಗಿ ಇಟ್ಟುಕೊಂಡವು. ಶಿಷ್ಯನೆಂದ ಮೇಲೆ ಕಲಿಯಬೇಕು. ಕಲಿತನೋ ಇಲ್ಲವೋ ಎಂಬುದನ್ನು ಯಾರಾದರೂ ನೋಡಬೇಕು. ಒಂದೇ ಊರಿನ ಸಭೆಯಾದರೆ ಸಭಾಪಾಲಕನು ನೋಡಿಯಾನು. ಹತ್ತಾರು ಊರುಗಳಲ್ಲಿ ಹರಡಿದ ಸಭೆಗಳು ಒಂದೇ ಕುಟುಂಬದಂತೆ ಬಾಳಬೇಕಾದಾಗ ನೋಡುವವರು ಯಾರು?

ಇದಕ್ಕೆ ಒಂದು ಉತ್ತರ 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊರಕಿತು. ಅದೂ ಸಾಲದ ಮಾತಿನ ನಡುವೆ ದೊರಕಿತು. ಜಾನ್ ವೆಸ್ಲಿಯವರು (1703–1791) ಆಂಗ್ಲ ಸಭೆಯ ಪಾದ್ರಿಗಳು. 1739ರಲ್ಲಿ ಬ್ರಿಸ್ಟಲ್ ನಗರದ ಸಮೀಪ ಬಯಲಿನಲ್ಲಿ ನಿಂತು ಕಲ್ಲಿದ್ದಲ ಗಣಿಯ ಕೂಲಿಗಳಿಗೆ ಬೋಧಿಸತೊಡಗಿದರು. ಕೇಳಿದವರು ಕೂಟ ಕಟ್ಟಿಕೊಂಡರು. ಅವರಿಗೆ ಮೆಥಡಿಸ್ಟರೆಂಬ ಹೆಸರು ನಿಂತಿತು. ಬ್ರಿಸ್ಟಲಿನಲ್ಲಿ ಕೂಟದ ಮನೆಯನ್ನು ಕಟ್ಟಿದ್ದಾಯಿತು. ಕಟ್ಟಿದ ಸಾಲ ತಲೆಯ ಮೇಲೆ ಉಳಿಯಿತು. 1742ರ ಫೆಬ್ರವರಿ 15ರಂದು ಸಾಲ ತೀರಿಸುವ ಬಗೆಯನ್ನು ಆಲೋಚಿಸಲು ಕೂಡಿದಾಗ, ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದು ಒಬ್ಬರು ಸೂಚಿಸಿದರು. ಬಹುಮಂದಿ ಬಡವರು, ಅವರಿಂದ ಅದೂ ಆಗದು ಎಂದು ಇನ್ನೊಬ್ಬರು. ಆಗ ಮೊದಲಿನವರು (ಕಪ್ತಾನ ಫಾಯ್ ಎಂಬವರೆಂದು ಹೇಳುತ್ತಾರೆ) ಒಂದು ದಾರಿ ತೋರಿದರು: ಕಡುಬಡವರಾದ ಹನ್ನೊಂದು ಮಂದಿಯನ್ನು ತಮ್ಮ ಪಾಲಿಗೆ ಬಿಡಬೇಕು, ವಾರಕ್ಕೊಮ್ಮೆ ಅವರ ಮನೆಗೆ ತಾವು ಹೋಗುವುದು, ಕೊಡಲಾರದವರ ಪೆನ್ನಿಯನ್ನು ತಮ್ಮ ಕೈಯಿಂದಲೇ ತುಂಬುವುದು.

ಹೀಗೆ ಹನ್ನೆರಡು ಮಂದಿಯ ಗುಂಪುಗಳಾದವು. ಇವನ್ನು ‘ಕ್ಲಾಸ್’ ಎಂದರು. ನಾವು ತರಗತಿ ಎಂದು ಅನುವಾದಿಸಿಬಿಟ್ಟರೆ ತಪ್ಪಾಗುತ್ತದೆ. ಅಲ್ಲಿ ಪಾಠವೂ ಇಲ್ಲ, ಮೇಷ್ಟರೂ ಇಲ್ಲ. ಪೆನ್ನಿಗಾಗಿ ಬಾಗಿಲಿಗೆ ಹೋದವರ ಕಣ್ಣಿಗೆ ಬೇರೆ ಸಂಗತಿಗಳು ಬಿದ್ದವು: ಒಂದು ಮನೆಯಲ್ಲಿ ಕುಡಿತ, ಇನ್ನೊಂದರಲ್ಲಿ ಗಂಡಹೆಂಡಿರ ಕಲಹ. ಸುದ್ದಿ ವೆಸ್ಲಿಯವರ ಕಿವಿಗೆ ಬಿದ್ದಾಗ, ತಾವು ಬಹುಕಾಲದಿಂದ ಅರಸುತ್ತಿದ್ದುದು ಇದೇ ಎಂದು ಅವರಿಗೆ ಹೊಳೆಯಿತು. ಮುಂದೆ ಮನೆಮನೆಗೆ ಹೋಗುವುದು ಕಠಿಣವಾಯಿತು. ಆಳುಕಾಳುಗಳನ್ನು ನೋಡಲು ಯಜಮಾನರು ಬಿಡುತ್ತಿರಲಿಲ್ಲ. ಒಬ್ಬರ ಮೇಲೊಬ್ಬರು ಹೇಳಿದ ದೂರನ್ನು ಎದುರೆದುರು ಕೂರಿಸದೆ ಇತ್ಯರ್ಥ ಮಾಡುವಂತಿರಲಿಲ್ಲ. ಆದುದರಿಂದ ಹನ್ನೆರಡು ಮಂದಿಯೂ ವಾರಕ್ಕೊಮ್ಮೆ ಒಂದೆಡೆ ಕೂಡತೊಡಗಿದರು. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬರಿಗೂ ಒಂದು ಚೀಟಿ. ಆ ಚೀಟಿಯನ್ನು ತೋರಿಸಿದರೆ ಪರವೂರಿನ ಕೂಟವೂ ಒಳಗೆ ಕರೆದುಕೊಳ್ಳುತ್ತಿತ್ತು. ಊರೂರಿನ ಕೂಟಗಳು ಒಂದಾಗಿ ನಿಂತುದು ಬೋಧಕರ ವಾಗ್ಮಿತೆಯಿಂದಲ್ಲ, ಈ ತುಂಡು ಕಾಗದದಿಂದ ಎಂದರೂ ಅತಿಶಯೋಕ್ತಿಯಾಗದು.

ಇವಕ್ಕಿಂತ ಚಿಕ್ಕ ಗುಂಪುಗಳೂ ಇದ್ದವು. ಅವುಗಳಿಗಾಗಿ 1738ರಲ್ಲಿಯೇ ಬರೆದಿಟ್ಟ ನಿಯಮಗಳಲ್ಲಿ ಎರಡು ಮಾತುಗಳನ್ನು ನಾವು ಗಮನಿಸಬೇಕು. ಸೇರಬಯಸುವವನನ್ನು, ನಿನ್ನ ತಪ್ಪುಗಳನ್ನು ನಿನಗೆ ಹೇಳುವುದು ನಿನಗೆ ಇಷ್ಟವೇ ಎಂದು ಮೊದಲೇ ಕೇಳಬೇಕು. ಇದು ಒಂದು. ಕೂಡಿದಾಗ ಯಾರಾದರೊಬ್ಬನು ತನ್ನ ಸ್ಥಿತಿಯನ್ನು ತಾನೇ ಮೊದಲು ಹೇಳಿ, ಆಮೇಲೆ ಉಳಿದವರನ್ನು ಕೇಳಬೇಕು. ಇದು ಇನ್ನೊಂದು. ವಿಚಾರಿಸುವ ಅಧಿಕಾರವು ಪದವಿಯಿಂದ ಬರಲಿಲ್ಲ. ಒಪ್ಪಿಗೆಯಿಂದ ಬಂತು, ತನ್ನ ಲೆಕ್ಕವನ್ನು ಮುಂದಾಗಿ ಒಪ್ಪಿಸಿದುದರಿಂದ ಬಂತು.

ನಿಯಮ ಹೀಗಿದ್ದರೂ ನಡೆದದ್ದೆಲ್ಲ ಹೀಗೆಯೇ ಅಲ್ಲ. 1743ರ ಮಾರ್ಚಿಯಲ್ಲಿ ವೆಸ್ಲಿಯವರು ನ್ಯೂಕ್ಯಾಸಲ್ ನಗರದ ಕೂಟವನ್ನು ಪರಿಶೀಲಿಸಿ 64 ಮಂದಿ ಹೊರಗೆ ಹಾಕಲ್ಪಟ್ಟರೆಂದು ದಿನಚರಿಯಲ್ಲಿ ಬರೆದು ಕಾರಣಗಳನ್ನೂ ಕೊಟ್ಟರು. ಕುಡಿತಕ್ಕಾಗಿ 17, ಮದ್ಯ ಮಾರಿದ್ದಕ್ಕೆ 2, ಶಪಥ, ಬೈಗುಳಕ್ಕೆ 2, ಭಾನುವಾರದ ವ್ರತವನ್ನು ಮುರಿದುದಕ್ಕೆ 2, ಜಗಳಕ್ಕೆ 3, ಸುಳ್ಳಿಗೆ 3, ಪರನಿಂದೆಗೆ 4, ಸೋಮಾರಿತನಕ್ಕೆ 1, ಹೆಂಡತಿಯನ್ನು ಹೊಡೆದುದಕ್ಕೆ 1. ಉಳಿದ 29 ಮಂದಿ ಹಗುರತನ ಮತ್ತು ಅಲಕ್ಷ್ಯಕ್ಕಾಗಿ.

ಈ ಪಟ್ಟಿಯನ್ನು ನಾವು ಎಷ್ಟು ಸಾರಿ ಓದಿದರೂ ಮನಸ್ಸು ಕಡೆಯ ಎರಡು ಅಂಕಿಗಳಲ್ಲಿ ತೊಡರುತ್ತದೆ. ಕುಡಿತವನ್ನು ಕಣ್ಣು ಕಾಣುತ್ತದೆ. ಹಗುರತನವನ್ನು ಅಳೆಯುವ ಕೋಲು ಯಾರ ಕೈಯಲ್ಲಿತ್ತು? ಹೊರಗೆ ಹೋದವರಲ್ಲಿ ಸುಮಾರು ಅರ್ಧ ಮಂದಿ ಈ ಹೆಸರಿಲ್ಲದ ದೋಷಕ್ಕೆ ಸಿಕ್ಕವರು. ಹೆಂಡತಿಗೆ ಹೊಡೆದವನು ಒಬ್ಬನೇ ಎಂಬುದನ್ನು ನಂಬುವುದು ಇನ್ನೂ ಕಷ್ಟ. ಹೊಡೆಯುವವರು ಒಬ್ಬರೇ ಇದ್ದರೋ, ಅಥವಾ ಹೆಂಗಸರನ್ನು ಯಾರೂ ಕೇಳಲಿಲ್ಲವೋ? ಕೇಳುವವರು ಯಾವುದನ್ನು ದೋಷವೆಂದು ಎಣಿಸುತ್ತಾರೋ ಅದೇ ಪಟ್ಟಿಯಲ್ಲಿ ಬರುತ್ತದೆ. ನಮ್ಮ ಶಾಲೆಯ ನಡತೆಯ ದಾಖಲೆಗಳೂ ಇದಕ್ಕೆ ಹೊರತಲ್ಲ. ಗದ್ದಲ ಮಾಡಿದವನು ಅಲ್ಲಿ ಸಿಗುತ್ತಾನೆ, ಮೆಲ್ಲಗೆ ಹಿಂಸಿಸುವವನು ಸಿಗುವುದಿಲ್ಲ.

ಅದೇ ದಿನಚರಿಯಲ್ಲಿ ತಾವಾಗಿಯೇ ಬಿಟ್ಟುಹೋದ 76 ಮಂದಿಯ ಲೆಕ್ಕವೂ ಉಂಟು. ಜನ ನಗುತ್ತಾರೆಂದು ಹೋದವರು 9. ಧಣಿಗಳು ಒಪ್ಪದೆ ಹೋದವರು 5. ಇಂಥವನೊಬ್ಬ ಕೂಟದಲ್ಲಿದ್ದಾನೆಂಬ ಒಂದೇ ಕಾರಣಕ್ಕೆ ಬಿಟ್ಟವರು 2. (ಸಂಘ ನಡೆಸಿದವರಿಗೆಲ್ಲ ಈ ಇಬ್ಬರ ಪರಿಚಯ ಚೆನ್ನಾಗಿಯೇ ಇರುತ್ತದೆ.) ಮತ್ತೆ ಮೂವರು, ಬಡವರಿಗೆ ಸಲ್ಲುವ ಸಹಾಯಧನ ತಪ್ಪೀತೆಂದು ಹೋದವರು. ವೆಸ್ಲಿಯವರು ಇದನ್ನು ಟೀಕೆಯಿಲ್ಲದೆ ಬರೆದಿದ್ದಾರೆ. ನಾವೂ ಆ ಮೂವರನ್ನು ದೂಷಿಸಲಾರೆವು. ಅನ್ನವನ್ನು ಹಿಡಿದ ಕೈಯೇ ಅಂತರಂಗವನ್ನೂ ಹಿಡಿಯಲು ಬಂದಾಗ ಬಡವನ ಮುಂದೆ ಉಳಿಯುವ ದಾರಿಗಳು ಹೆಚ್ಚಿಲ್ಲ.

ಈ ಮಾತಿನ ಭಾರವನ್ನು ತಿಳಿಯಲು ಇಂಗ್ಲೆಂಡಿಗೇ ಹೋಗಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡು ಸೇರಿಕೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿನಿಂದ ಕೆಲಸ ಆರಂಭಿಸಿತು. ಕನ್ನಡಕ್ಕೆ ಅದು ಕೊಟ್ಟುದು ನಮ್ಮ ವಾಚಕರಿಗೆ ತಿಳಿದದ್ದೇ; 1843ರ ಮಂಗಳೂರ ಸಮಾಚಾರವನ್ನೂ 1894ರ ಕಿಟ್ಟೆಲ್ ಕೋಶವನ್ನೂ ನೆನೆಯದ ಕನ್ನಡ ಅಧ್ಯಾಪಕನಿಲ್ಲ. ಕ್ರೈಸ್ತರಾದವರು ಜಾತಿಯಿಂದಲೂ ಕಸುಬಿನಿಂದಲೂ ಹೊರಬಿದ್ದು ಕೈಬರಿದಾದಾಗ ಮಿಶನ್ನು ನೇಯ್ಗೆಯನ್ನು ಕಲ್ಪಿಸಿತು, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆಯಿತು. ಅದು ಕರುಣೆಯ ಕೆಲಸವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅಲ್ಲಿಂದ ತೊಡಕೂ ಹುಟ್ಟಿತು. ಬೋಧಿಸುವವರೂ ಮಜೂರಿ ಕೊಡುವವರೂ ಒಂದೇ ಮನೆಯವರಾದ ಮೇಲೆ, ಈ ವಾರ ಹೇಗೆ ನಡೆದುಕೊಂಡೆ ಎಂಬ ಪ್ರಶ್ನೆಗೆ ಕುಲುಮೆಯ ಮುಂದೆ ಬೆವರುವವನು ಕೊಡುವ ಉತ್ತರದಲ್ಲಿ ಪಶ್ಚಾತ್ತಾಪವೆಷ್ಟು, ಶನಿವಾರದ ಬಟವಾಡೆಯ ಚಿಂತೆಯೆಷ್ಟು ಎಂದು ಯಾರು ಬಿಡಿಸಿಯಾರು? ಕೇಳುವವನಿಗೂ ತಿಳಿಯದು. ಹೇಳುವವನಿಗೇ ತಿಳಿಯದಿರುವುದೂ ಉಂಟು. ಹೆಚ್ಚು ದುಃಖದ ಸಂಗತಿ ಅದೇ. ಬ್ರಿಸ್ಟಲಿನ ಮುಂದಾಳು ಬಾಗಿಲಲ್ಲಿ ನಿಂತು ಪೆನ್ನಿಯನ್ನು ಕೇಳುತ್ತಿದ್ದನು, ಸಾಲದಿದ್ದರೆ ತಾನೇ ಸೇರಿಸುತ್ತಿದ್ದನು. ಆ ಮನೆಯ ಗಂಜಿ ಅವನ ಕೈಯಲ್ಲಿರಲಿಲ್ಲ.

ಮೊದಲ ಮಹಾಯುದ್ಧದ ಬಳಿಕ ಕಾರ್ಖಾನೆಗಳು ಮಿಶನ್ನಿನ ಕೈಬಿಟ್ಟುಹೋದವು; ಸಭೆಗಳು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕಾಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಹುಟ್ಟಿದಾಗ ವೆಸ್ಲಿಯವರ ಪರಂಪರೆಯ ದಕ್ಷಿಣದ ಸಭೆಗಳು ಅದರಲ್ಲಿ ಸೇರಿದವು. ಕರಾವಳಿಯ ಬಾಸೆಲ್ ಸಭೆಗಳೂ ಕ್ರಮೇಣ ಅದೇ ಸೂರಿನಡಿಗೆ ಬಂದವು. ಪೆನ್ನಿಯ ನೆನಪೂ ಮಜೂರಿಯ ನೆನಪೂ ಈಗ ಒಂದೇ ಮನೆಯಲ್ಲಿವೆ.

ಕೆಲವು ವರ್ಷಗಳ ಹಿಂದೆ ನಾವು ಶಾಲೆಗೆ ಬಾರದ ಹುಡುಗನೊಬ್ಬನ ಮನೆಗೆ ಹೋದೆವು. ಅವನ ತಾಯಿ ಬೆಲ್ಲವನ್ನೂ ನೀರನ್ನೂ ತಂದಿಟ್ಟರು. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಹುಡುಗ ಏಕೆ ಬರುವುದಿಲ್ಲ ಎಂದು ಕೇಳಿದರೆ ಜ್ವರ ಎಂದರು. ಜ್ವರ ಬಂದ ಹುಡುಗ ಮನೆಯಲ್ಲಿರಲಿಲ್ಲ. ಏಳುವ ಹೊತ್ತಿಗೆ ಅವರೇ ಕೇಳಿದರು, “ಮಾಷ್ಟ್ರೇ, ನಿಮ್ಮ ಮಗನ ಪರೀಕ್ಷೆ ಏನಾಯಿತು?” ನಮ್ಮ ಮಗ ಆ ವರ್ಷ ನಪಾಸಾಗಿದ್ದನು. ಹೇಳಲು ನಾಚಿಕೆಯಾದರೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಅಂಗಳವನ್ನು ನೋಡಿ, “ಕೂತುಕೊಳ್ಳಿ” ಎಂದರು. ಆಮೇಲೆ ಹುಡುಗನು ಯಾರ ತೋಟದಲ್ಲಿ ಅಡಕೆ ಸುಲಿಯುತ್ತಿದ್ದಾನೆ, ಯಾವ ಸಾಲಕ್ಕಾಗಿ ಎಂಬುದನ್ನೆಲ್ಲ ಒಂದೊಂದಾಗಿ ಹೇಳತೊಡಗಿದರು.