ಮತ್ಸ್ಯನ್ಯಾಯವೂ ಸಾಕುವವನ ಧರ್ಮವೂ

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದನ್ನು ಕಂಡ ಪ್ರಾಚೀನರು ಅದಕ್ಕೆ ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ದಂಡಧರನಾದ ಅರಸನಿಲ್ಲದಿದ್ದರೆ ಬಲಿಷ್ಠನು ದುರ್ಬಲನನ್ನು ನುಂಗುವನೆಂಬುದನ್ನು ತಿಳಿಸಲು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಈ ಮಾತನ್ನೇ ಬಳಸಿದನು. ಇಲ್ಲಿ ನ್ಯಾಯವೆಂದರೆ ದೃಷ್ಟಾಂತವೆಂದರ್ಥವೇ ಹೊರತು ಧರ್ಮಸಮ್ಮತವೆಂದಲ್ಲ. ಹೊಳೆಯಲ್ಲಿ ನಡೆಯುವ ಈ ವ್ಯವಹಾರಕ್ಕೆ ಯಾರನ್ನೂ ದೂರಲಾಗದು. ಆದರೆ ಮನುಷ್ಯನು ತನ್ನ ಮನೆಯ ಗಾಜಿನ ತೊಟ್ಟಿಯಲ್ಲಿ ಕೂಡಿಹಾಕಿದ ಮೀನುಗಳಲ್ಲಿ ಒಂದು ಮತ್ತೊಂದನ್ನು ಕೊಂದರೆ ಆ ದೋಷವು ಯಾರದು? ಪ್ರಶ್ನೆಯು ಸಣ್ಣದಾಗಿ ಕಂಡರೂ ಉತ್ತರವು ಸಣ್ಣದಲ್ಲ.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಮಧುವನಹಳ್ಳಿಯ ಒಂದು ಮನೆಯಲ್ಲಿ ಇಂತಹ ತೊಟ್ಟಿಯೊಂದಿದೆಯೆಂದು ಭಾವಿಸೋಣ. ಅದರಲ್ಲಿ ಒಂದೂವರೆ ಅಂಗುಲದ ನಿಯಾನ್ ಟೆಟ್ರ ಮೀನುಗಳು ಗುಂಪಾಗಿ ಆಡಿಕೊಂಡಿವೆ. ಮನೆಯ ಹುಡುಗನು ಅಂಗಡಿಯಿಂದ ಆಸ್ಕರ್ ಎಂಬ ಸಿಕ್ಲಿಡ್ ಜಾತಿಯ ಎರಡು ಮರಿಗಳನ್ನು ತಂದು ಅದರೊಳಕ್ಕೆ ಬಿಡುತ್ತಾನೆ. ಮರಿಗಳೂ ಆಗ ಟೆಟ್ರಗಳಷ್ಟೇ ಇವೆ, ನೋಡಲು ಸಾಧುಗಳಂತಿವೆ. ಆದರೆ ಅಮೆಜಾನ್ ನದೀಪ್ರದೇಶದ ಈ ಮೀನು ಬೆಳೆದರೆ ಸುಮಾರು ಒಂದಡಿಯಾಗುವುದು. ಬಾಯಿಗೆ ಹಿಡಿಸುವ ಮೀನೆಲ್ಲವೂ ಅದಕ್ಕೆ ಆಹಾರ. ಕೆಲವು ತಿಂಗಳ ಮೇಲೆ ಒಂದು ಬೆಳಗ್ಗೆ ನೋಡಿದರೆ ಟೆಟ್ರಗಳು ಒಂದೂ ಇಲ್ಲ. ಹುಡುಗನು ಆ ಮೀನನ್ನು ಪಾಪಿಯೆಂದು ಬಯ್ಯುತ್ತಾನೆ. ಆಗ ಅಜ್ಜಿಯು, “ಅದಕ್ಕೇನು ಗೊತ್ತು ಮಗ, ತಂದು ಬಿಟ್ಟವನು ನೀನಲ್ಲವೇ?” ಎನ್ನುತ್ತಾಳೆ.

ಇಲ್ಲಿ ಪೂರ್ವಪಕ್ಷಿಯು ಹೀಗೆ ವಾದಿಸಬಹುದು: ಮೀನು ಮೀನನ್ನು ತಿನ್ನುವುದು ಸೃಷ್ಟಿನಿಯಮ, ಕಾವೇರಿಯಲ್ಲಿ ಅನುದಿನವೂ ನಡೆಯತಕ್ಕದ್ದು ತೊಟ್ಟಿಯಲ್ಲಿಯೂ ನಡೆಯಿತು, ಇದರಲ್ಲಿ ಹುಡುಗನ ಅಪರಾಧವೇನು? ಈ ವಾದವು ನಿಲ್ಲತಕ್ಕದ್ದಲ್ಲ. ಹೊಳೆಯಲ್ಲಿ ದುರ್ಬಲನಿಗೆ ಬಂಡೆಯ ಸಂದಿಯುಂಟು, ಜೊಂಡಿನ ಮರೆಯುಂಟು, ಓಡಿಹೋಗಲು ದಾರಿಯುಂಟು. ಗಾಜಿನ ನಾಲ್ಕು ಗೋಡೆಗಳು ಆ ದಾರಿಯನ್ನು ಮುಚ್ಚಿಬಿಟ್ಟಿವೆ. ಯಾವನು ಇನ್ನೊಂದು ಜೀವದಿಂದ ಓಡಿಹೋಗುವ ಸ್ವಾತಂತ್ರ್ಯವನ್ನು ಕಸಿದುಕೊಳ್ಳುವನೋ ಅವನೇ ಅದಕ್ಕೆ ರಕ್ಷಣೆಯನ್ನು ಕೊಡಲು ಬದ್ಧನು. ತೊಟ್ಟಿಗೆ ಅವನೇ ದಂಡಧರನು. ಅವನು ಮೈಮರೆತರೆ ಅದು ಅರಾಜಕವಾದ ನಾಡು.

ಈ ರಕ್ಷಣೆಯು ದಂಡದಿಂದ ಆಗತಕ್ಕದ್ದಲ್ಲ, ಮುಂದಾಲೋಚನೆಯಿಂದ ಆಗತಕ್ಕದ್ದು. ಮೀನಿಗೆ ಉಪದೇಶವು ವ್ಯರ್ಥ. ಆದುದರಿಂದ ತಿಳಿದವರು ಮರಿಯ ಇಂದಿನ ಅಳತೆಯನ್ನಲ್ಲದೆ ಅದು ಬೆಳೆದು ಆಗಲಿರುವ ಅಳತೆಯನ್ನು ನೋಡಿ ಜೊತೆಗಾರರನ್ನು ಆರಿಸುವರು. ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಗಡುಸಾದ ಕ್ಷಾರಗುಣದ ನೀರು ಬೇಕು. ಅಮೆಜಾನಿನ ಹಲವು ಜಾತಿಗಳಿಗೆ ಮೃದುವಾದ ನೀರು ಹಿತ. ಇವೆರಡನ್ನೂ ಕೂಡಿಸಲಾಗದೆಂದು ಅರಿತಿರುವರು. ಹೊಸ ಮರಿಗಳನ್ನು ಕೆಲವು ವಾರ ಬೇರೆ ಪಾತ್ರೆಯಲ್ಲಿಟ್ಟು ರೋಗವಿಲ್ಲವೆಂದು ಕಂಡುಕೊಂಡು, ಎರಡೂ ನೀರಿನ ಶಾಖವು ಸಮನಾದ ಮೇಲೆ, ದೀಪವನ್ನು ಆರಿಸಿ, ಮೆಲ್ಲನೆ ಬಿಡುವರು. ಸಿಕ್ಲಿಡ್ ಜಾತಿಯಲ್ಲಿ ಅನೇಕವು ತಮ್ಮ ತಮ್ಮ ಎಲ್ಲೆಯನ್ನು ಕಾಯುವಂಥವು. ಆದುದರಿಂದ ಅದಕ್ಕೆ ಮೊದಲು ಒಳಗಿನ ಕಲ್ಲುಗಳ ಸ್ಥಾನವನ್ನು ಬದಲಿಸುವರು. ಆಗ ಹಳಬರಿಗೂ ಆ ಜಾಗವು ಹೊಸದಾಗಿ, ಹೊಸಬರನ್ನು ಅಟ್ಟುವ ಹಕ್ಕು ಯಾರಿಗೂ ಉಳಿಯದು.

ಸ್ನೇಹ ವೈರಗಳು ಹುಟ್ಟಿನಿಂದಲೇ ನಿಶ್ಚಿತವಾದುವೆಂಬುದೂ ಪೂರ್ಣಸತ್ಯವಲ್ಲ. ಸಿಕ್ಲಿಡ್ ಕುಲದಲ್ಲಿ ಭಾರತದವೆನ್ನತಕ್ಕವು ಮೂರೇ ಜಾತಿಗಳು. ಅವುಗಳಲ್ಲೊಂದು ದಕ್ಷಿಣಕನ್ನಡದ ಹೊಳೆಗಳ ಸೀಮೆಗೇ ಮೀಸಲಾದುದು. ಮಲೆಯಾಳದವರು ಕರಿಮೀನೆಂದು ಕರೆಯುವುದು ಇನ್ನೊಂದು. ಕಿತ್ತಳೆ ಬಣ್ಣದ ಸಣ್ಣ ಜಾತಿಯು ಮೂರನೆಯದು. ಈ ಸಣ್ಣ ಜಾತಿಯ ಮೀನುಗಳು ಕರಿಮೀನಿನ ಮೊಟ್ಟೆಮರಿಗಳನ್ನು ತಿನ್ನುವುವು. ಅವುಗಳ ಮರಿಗಳೇ ದೊಡ್ಡ ಕರಿಮೀನಿನ ಮೈಗಂಟಿದ ರೋಗವನ್ನು ಕಚ್ಚಿ ತೆಗೆದು ಉಪಕಾರವನ್ನೂ ಮಾಡುವುವು. ಒಂದೇ ಪ್ರಾಣಿಯು ಒಂದೆಡೆ ವೈರಿ, ಒಂದೆಡೆ ವೈದ್ಯ. ಸಹವಾಸವು ಕೆಡುವುದೂ ಕೂಡಿಬರುವುದೂ ದೇಶಕಾಲಗಳನ್ನು ಅವಲಂಬಿಸಿದೆ. ತೊಟ್ಟಿಯಲ್ಲಿ ಆ ದೇಶಕಾಲಗಳನ್ನು ನಿಶ್ಚಯಿಸುವವನು ಮನುಷ್ಯನು.

ಬೆಳೆಯುವ ಜೀವಕ್ಕೆ ಜಾಗವೂ ಬೆಳೆಯಬೇಕೆಂಬುದನ್ನು ಕೊಳ್ಳೇಗಾಲದ ಸೀಮೆಯ ರೇಷ್ಮೆ ಬೆಳೆಗಾರರಿಗೆ ಹೇಳಬೇಕಾದುದಿಲ್ಲ. ಹುಳುವು ಒಂದೊಂದು ಜ್ವರವನ್ನು ಕಳೆದಂತೆ ಅವರು ಹಾಸನ್ನು ಅಗಲಿಸುವರು. ಕೊನೆಗೆ ಚಂದ್ರಿಕೆಗೆ ಏರಿಸುವರು. ಮೀನನ್ನು ತಂದವನಾದರೋ ಅನೇಕ ವೇಳೆ ಈ ಖರ್ಚಿಗೆ ಹಿಂದೆಗೆದು, ತೊಟ್ಟಿಗೆ ಮೀರಿದ ಮೀನನ್ನು ಕೆರೆಗೆ ಬಿಟ್ಟು ಬಂದು, “ಪಾಪ, ಸ್ವತಂತ್ರವಾಗಿರಲಿ” ಎಂದು ತನ್ನ ಮನಸ್ಸನ್ನು ಸಮಾಧಾನಗೊಳಿಸಿಕೊಳ್ಳುವನು. ಇದು ದಯೆಯ ವೇಷವನ್ನು ತೊಟ್ಟ ಆಲಸ್ಯ. ಸಿಕ್ಲಿಡ್ ಕುಲದ್ದೇ ಆದ ಆಫ್ರಿಕದ ತಿಲಾಪಿಯವನ್ನು, ಎಂದರೆ ಜನರು ಜಿಲೇಬಿ ಮೀನೆನ್ನುವುದನ್ನು, 1952ರಲ್ಲಿ ಆಹಾರಕ್ಕೆಂದು ಭಾರತಕ್ಕೆ ತಂದರು. ತಾಯಿಯು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವ ಈ ಮೀನು ಬೇಗಬೇಗನೆ ಹೆಚ್ಚಿತು. 1959ರಲ್ಲಿ ಅದನ್ನು ಹರಡುವುದಕ್ಕೆ ನಿಷೇಧವಾಯಿತಾದರೂ ಹರಡುವಿಕೆಯು ನಿಲ್ಲಲಿಲ್ಲ. ಈಗ ಅದು ಕನ್ನಡನಾಡಿನ ಕೆರೆಗಳಲ್ಲಿ ಸಾಮಾನ್ಯವಾಗಿ ಸಿಕ್ಕುವ ಮೀನು. ಊರಿನ ಹಳೆಯ ಮೀನುಗಳಿಗೆ ಈ ಸಹವಾಸಿಯನ್ನು ಒಪ್ಪುವಿರಾ ಎಂದು ಯಾರೂ ಕೇಳಲಿಲ್ಲ. ತಾಯ್ತನದಲ್ಲಿ ಇಷ್ಟು ಮಿಗಿಲಾದ ಪ್ರಾಣಿಯನ್ನು ದುಷ್ಟವೆನ್ನಲಾದೀತೆ? ಕೆಟ್ಟದ್ದು ಮೀನಲ್ಲ, ಅದನ್ನು ಬಿಟ್ಟ ಕೈಯ ಅವಿಚಾರ.

ಶತಪಥಬ್ರಾಹ್ಮಣದ ಕಥೆಯು ಇಲ್ಲಿ ಸ್ಮರಣೀಯವಾದುದು. ಕೈತೊಳೆಯುತ್ತಿದ್ದ ಮನುವಿನ ಕೈಗೆ ಮೀನಿನ ಮರಿಯೊಂದು ಬಂದು, ಮೀನೇ ಮೀನನ್ನು ನುಂಗುವುದರಿಂದ ತನ್ನನ್ನು ಕಾಪಾಡಬೇಕೆಂದು ಬೇಡಿತು. ಮೊದಲು ಕೊಡದಲ್ಲಿಡು, ಅದಕ್ಕೆ ಮೀರಿ ಬೆಳೆದಾಗ ಹೊಂಡವನ್ನು ತೋಡು, ಅದಕ್ಕೂ ಮೀರಿದಾಗ ಕಡಲಿಗೆ ಒಯ್ಯಿ ಎಂದಿತು. ಮನುವು ಹಾಗೆಯೇ ನಡೆದುಕೊಂಡನು. ಮರಿಯನ್ನು ಕೈಗೆ ತೆಗೆದುಕೊಂಡ ದಿನವೇ ಕೊಡ, ಹೊಂಡ, ಕಡಲುಗಳ ಮೂರು ಋಣಗಳೂ ಅವನ ಮೇಲೆ ಬಿದ್ದುವು. ಅಂಗಡಿಯಲ್ಲಿ ಮರಿಯ ಬೆಲೆಯನ್ನು ಕೊಟ್ಟವನು ಕೊಡದ ಬೆಲೆಯನ್ನು ಮಾತ್ರ ಕೊಟ್ಟಂತಾಯಿತು. ಹೊಂಡವನ್ನು ತೋಡುವ ಶಕ್ತಿಯಿಲ್ಲದವನು ಮರಿಗೆ ಕೈಯೊಡ್ಡದಿರುವುದೇ ಲೇಸು; ಒಡ್ಡಿದ ಮೇಲೆ ನಡುವೆ ಕೈಬಿಡುವುದು ಧರ್ಮವಲ್ಲ.