ಅಜ್ಜನ ಪದಕವನ್ನು ಏನೆಂದು ಓದೋಣ?

ಮಲಪ್ರಭೆಯ ದಂಡೆಯ ಕೊಣ್ಣೂರಿನ ಶಾಸನವೊಂದು, ಸೇನಾನಿ ಬಂಕೇಶನ ಸೇವೆಗೆ ಮೆಚ್ಚಿ ರಾಷ್ಟ್ರಕೂಟ ದೊರೆ ಅಮೋಘವರ್ಷ ಕ್ರಿ.ಶ. 860ರಲ್ಲಿ ಬಸದಿಗೆ ಕೊಟ್ಟ ದಾನವನ್ನು ಹೇಳುತ್ತದೆ. ಸೇನಾನಿಗೆ ಕಲ್ಲಿದೆ. ಕಾಲಾಳುವನ್ನು ಮನೆಯವರೇ ನೆನೆಯಬೇಕು.

ಎರಡನೇ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಬ್ರಿಟಿಷರ ಸೇನೆಯಲ್ಲಿದ್ದರು. ಮಡಿದವರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಸಿಗುತ್ತದೆ. ರಂಗೂನ್ ಸ್ಮಾರಕವೊಂದರಲ್ಲೇ ಸುಮಾರು 27 ಸಾವಿರ ಹೆಸರುಗಳಿವೆ. ಬದುಕಿ ಬಂದ ಅಜ್ಜನನ್ನು ಹುಡುಕುವುದೇ ಕಷ್ಟ. ಟ್ರಂಕಿನ ತಳದ ಪದಕದಲ್ಲಿ ಸೈನಿಕ ಸಂಖ್ಯೆ ಇದ್ದರೆ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಬಹುದು.

ಬರುವ ಉತ್ತರ ನಮಗೆ ಬೇಕಾದದ್ದೇ ಆಗಿರಬೇಕೆಂದಿಲ್ಲ. ಆರನೇ ಜಾರ್ಜ್ ದೊರೆಯ ಮುಖವುಳ್ಳ 1939-45ರ ಯುದ್ಧ ಪದಕ ಶೌರ್ಯಕ್ಕೆ ಕೊಟ್ಟದ್ದಲ್ಲ, 28 ದಿನ ಸೇವೆಯಲ್ಲಿದ್ದವರಿಗೆ ಕೊಟ್ಟದ್ದು. ಮನೆಯಲ್ಲಿ ಅದು ವೀರಪದಕವಾಗಿ ಬೆಳೆದಿರುತ್ತದೆ.

ಇನ್ನೊಂದು ಮುಜುಗರವೂ ಉಂಟು. ಬ್ರಿಟಿಷರ ವಿರುದ್ಧ ಎದ್ದ ನರಗುಂದದ ಬಾಬಾಸಾಹೇಬರನ್ನು 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದೇ ಬೆಳಗಾವಿ ಮುಂದೆ ಮರಾಠಾ ರೆಜಿಮೆಂಟಿನ ಕೇಂದ್ರವಾಯಿತು. ಮೈಲಾರ ಮಹಾದೇವಪ್ಪ 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಿದ್ದಾಗ, ನಮ್ಮವರೇ ಅನೇಕರು ಅದೇ ಸರಕಾರದ ಸಮವಸ್ತ್ರದಲ್ಲಿದ್ದರು. ಹಾಗೆಂದು ಅವರನ್ನು ದ್ರೋಹಿಗಳೆನ್ನೋಣವೇ? ಮಳೆ ಕೈಕೊಟ್ಟ ಹೊಲ, ತೀರದ ಸಾಲ, ತಿಂಗಳ ಸಂಬಳ: ಇವನ್ನು ಲೆಕ್ಕಕ್ಕೆ ಹಿಡಿಯದೆ ತೀರ್ಪು ಕೊಡುವುದು ಹೊಟ್ಟೆ ತುಂಬಿದವರ ಸುಲಭದ ನ್ಯಾಯ. ಆದರೆ ಬಡತನದ ನೆಪದಲ್ಲಿ ಆ ಸೇನೆ ಯಾರದೆಂಬುದನ್ನು ಮುಚ್ಚಿಡುವುದೂ ಸರಿಯಲ್ಲ.

ಅಜ್ಜ ಅಡುಗೆಯವರಾಗಿದ್ದರೆ ಅಡುಗೆಯವರೆಂದೇ ಬರೆದಿಡೋಣ. ಊರು, ಸೇರಿದ ವರ್ಷ, ಸೈನಿಕ ಸಂಖ್ಯೆ. ಯಾಕೆ ಸೇರಿದರೆಂದು ಅಜ್ಜಿ ಹೇಳಿದ್ದರೆ ಅದನ್ನೂ.